ನಗುವ ನಾಟಕ, ಅಳುವ ಸಿನಿಮಾ, ನಡುವೆ ನಮ್ಮ ಮನೆಯವರು

ಬಾದಾಮಿ ಬನಶಂಕರಿಯ ಜಾತ್ರೆಯೆಂದರೆ ನಮ್ಮ ಕಡೆಯವರಿಗೆ ತೇರಿನಷ್ಟೇ ನಾಟಕವೂ ಹೌದು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಕಂಪನಿಗಳು ಅಲ್ಲಿ ಬೀಡುಬಿಟ್ಟಿರುತ್ತವೆ. ಮದುವೆಯಾಗಿ ಇಳಕಲ್ಲಿಗೆ ಬಂದ ವರ್ಷದಿಂದ ನಾನೂ ನಮ್ಮ ಮನೆಯವರೂ ಆ ನಾಟಕಗಳನ್ನು ತಪ್ಪಿಸಿಕೊಂಡಿದ್ದು ಕಡಿಮೆ. ಬೇರೆ ಬೇರೆ ಕಂಪನಿಗಳ ನಾಟಕಗಳಲ್ಲಿ ಒಂದೇ ಹಾಸ್ಯ ದೃಶ್ಯವನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಮನೆಯ ಮುದುಕ ಧೋತರದ ಚುಂಗು ಹಿಡಿದುಕೊಂಡು ಮಾತಿನ ನಡುವೆಯೇ ಕಾಲ್ಮಡಿಗೆ ಓಡುತ್ತಾನೆ, ಬರುತ್ತಾನೆ, ಮತ್ತೆ ಓಡುತ್ತಾನೆ. ಸೊಸೆ ಹಣೆ ಚಚ್ಚಿಕೊಳ್ಳುತ್ತಾಳೆ. ಜನ ಬಿದ್ದು ಬಿದ್ದು ನಗುತ್ತಾರೆ. ನಾನೂ ನಕ್ಕಿದ್ದೇನೆ. ನಮ್ಮ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ನಮ್ಮ ಮನೆಯವರು.

ಆ ದೃಶ್ಯದ ಮೇಲೆ ಒಂದು ದಿನ ವಿಮರ್ಶೆ ಬರೆದೇನೆಂದು ಎಣಿಸಿರಲಿಲ್ಲ. ನಾನು ವಿಮರ್ಶಕಿಯಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಮಕ್ಕಳಿಗೆ ಪಾಠ ಮಾಡುವಾಗ, ಕವಿ ಏನು ಹೇಳಿದ್ದಾನೆ ಎಂಬುದನ್ನಷ್ಟೇ ನೋಡಬೇಡಿ, ಏನನ್ನು ಹೇಳದೆ ಬಿಟ್ಟಿದ್ದಾನೆ ಅದನ್ನೂ ನೋಡಿ ಎಂದು ಹೇಳುತ್ತ ಬಂದವಳು. ನನ್ನ ಪಾಠ ನನ್ನ ಮನೆಗೇ ಬಂದದ್ದು 2022ರಲ್ಲಿ.

ಅದಕ್ಕೂ ಎರಡು ವರ್ಷ ಮೊದಲಿನಿಂದ ಇವರು ರಾತ್ರಿ ನಾಲ್ಕು ನಾಲ್ಕು ಸಲ ಏಳುತ್ತಿದ್ದರು. ಕೇಳಿದರೆ, "ವಯಸ್ಸಾತು, ಏನ್ ಮಾಡೋದು" ಎಂದು ನಾಟಕದ ಮುದುಕನ ಹಾಗೆ ಧೋತರ ಹಿಡಿದು ಓಡಿ ತೋರಿಸಿ ನಗಿಸುತ್ತಿದ್ದರು. ಆಮೇಲೆ ಸೊಂಟದ ನೋವು ಶುರುವಾಯಿತು. ನೇಕಾರರ ಸೊಸೈಟಿಯಲ್ಲಿ ಮೂವತ್ತು ವರ್ಷ ಕುರ್ಚಿಯ ಮೇಲೆ ಕೂತು ಲೆಕ್ಕ ಬರೆದ ಸೊಂಟ, ನೋಯದೆ ಏನು ಮಾಡೀತು ಎಂದು ಎಣ್ಣೆ ಹಚ್ಚಿದೆವು, ಪಟ್ಟಿ ಕಟ್ಟಿದೆವು. ಕೊನೆಗೆ ರಕ್ತ ಪರೀಕ್ಷೆ, ಮೂಳೆಗಳ ಸ್ಕ್ಯಾನು ಎಲ್ಲ ಆಗಿ ತಿಳಿದದ್ದು ಇದು: ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಸೊಂಟದ ಮತ್ತು ಬೆನ್ನಿನ ಮೂಳೆಗಳಿಗೆ ಆಗಲೇ ಹರಡಿತ್ತು.

ಈ ಗ್ರಂಥಿ ಗಂಡಸರಲ್ಲಿ ಮಾತ್ರ ಇರುವುದು. ಮೂತ್ರಚೀಲದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು ಸಣ್ಣ ನೆಲ್ಲಿಕಾಯಿಯಷ್ಟು ಇರುತ್ತದೆ. ವಯಸ್ಸಾದಂತೆ ಬಹಳ ಗಂಡಸರಲ್ಲಿ ಅದು ದೊಡ್ಡದಾಗುತ್ತದೆ. ರಾತ್ರಿ ಪದೇ ಪದೇ ಏಳುವುದು ಹೆಚ್ಚಿನ ಸಲ ಅದರಿಂದಲೇ, ಕ್ಯಾನ್ಸರಿನಿಂದಲ್ಲ. ಇತ್ತ ಕ್ಯಾನ್ಸರ್ ಮೊದಮೊದಲು ಯಾವ ಲಕ್ಷಣವನ್ನೂ ತೋರಿಸದೆ ಇರಬಹುದು. ಆದ್ದರಿಂದ ಓದುವವರು ಗಾಬರಿಯಾಗಬಾರದು. ಆದರೆ ಯಾವುದು ಯಾವುದೆಂದು ಹೇಳಬೇಕಾದವರು ವೈದ್ಯರು, ನಾಟಕದ ಹಾಸ್ಯಗಾರನಲ್ಲ. ಪಿಎಸ್ಎ ಎಂಬ ರಕ್ತ ಪರೀಕ್ಷೆ, ಒಮ್ಮೆ ವೈದ್ಯರ ಕೈಯ ತಪಾಸಣೆ, ಇವಕ್ಕೆ ಎರಡು ವರ್ಷ ಮೊದಲೇ ಹೋಗಿದ್ದರೆ ಎಂಬ ಮಾತು ನನ್ನೊಳಗೆ ಇನ್ನೂ ಇದೆ. ಹೋಗಲಿಲ್ಲ, ಯಾಕೆಂದರೆ ನಗೆ ಬರುವ ವಿಷಯಕ್ಕೆ ಯಾರೂ ಡಾಕ್ಟರ ಬಳಿಗೆ ಹೋಗುವುದಿಲ್ಲ. ಆ ದೃಶ್ಯದ ಮೇಲಿನ ನನ್ನ ಮೊದಲ ತಕರಾರು ಇಷ್ಟೇ. ಅದು ಗಂಡಸಿನ ಒಂದು ಬೇನೆಯನ್ನು ನಗೆಯ ಮಾತನ್ನಾಗಿ ಮಾಡಿಬಿಟ್ಟಿತು. ನಗೆಯಾದದ್ದನ್ನು ಅವನು ಮತ್ತೆ ಬೇನೆಯೆಂದು ಹೇಳಲಾರ.

ನಾಟಕ ನಗಿಸಿತು, ಸಿನಿಮಾ ಅಳಿಸಿತು. 1971ರಲ್ಲಿ ಬಂದ ಹೃಷೀಕೇಶ್ ಮುಖರ್ಜಿಯವರ 'ಆನಂದ್' ಚಿತ್ರವನ್ನು ನೋಡಿ ಅಳದ ನನ್ನ ವಯಸ್ಸಿನ ಹೆಂಗಸರು ಯಾರಿದ್ದಾರೆ? ರಾಜೇಶ್ ಖನ್ನಾನ ಆನಂದ್‌ಗೆ ಕರುಳಿನ ಕ್ಯಾನ್ಸರ್. ತಾನು ಉಳಿಯುವುದಿಲ್ಲವೆಂದು ಗೊತ್ತಿದ್ದೂ ನಗುತ್ತ ನಗಿಸುತ್ತ ಇರುತ್ತಾನೆ. ಅಮಿತಾಭ್ ಬಚ್ಚನ್ನನ ಡಾಕ್ಟರು ಒಳಗೊಳಗೇ ಕುದಿಯುತ್ತಾನೆ. ಒಳ್ಳೆಯ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ರೋಗಿಗೆ ಎಲ್ಲ ಗೊತ್ತಿರುವುದು, ಅದನ್ನು ಅವನು ಬಾಯಿಬಿಟ್ಟು ಆಡುವುದು ಆ ಕಾಲಕ್ಕೆ ದೊಡ್ಡದೇ. ಆದರೆ ಈಗ ನೆನೆದಾಗ ಅದು ಬಿಟ್ಟದ್ದೇ ಕಣ್ಣಿಗೆ ಬೀಳುತ್ತದೆ. ಆನಂದ್‌ಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಔಷಧದ ಅಂಗಡಿಯ ಚೀಟಿಯಿಲ್ಲ, ಮಲಬದ್ಧತೆಯಿಲ್ಲ. ಅವನು ಚೆಂದವಾಗಿ ಬದುಕಿ, ಸಿನಿಮಾ ಮುಗಿಯುವ ಹೊತ್ತಿಗೆ ಸರಿಯಾಗಿ ಸಾಯುತ್ತಾನೆ. ನಮ್ಮ ಮನೆಯವರು ಹಾಗೆ ಸಾಯಲಿಲ್ಲ. ಈ ಮೂರು ವರ್ಷಗಳಲ್ಲಿ ದಿನಾಲೂ ಸಂತೆಗೆ ಹೋಗಿದ್ದಾರೆ, ಬದನೆಕಾಯಿಗೆ ಚೌಕಾಸಿ ಮಾಡಿದ್ದಾರೆ, ನನ್ನೊಡನೆ ಜಗಳವಾಡಿದ್ದಾರೆ. ಕ್ಯಾನ್ಸರ್ ಬಂದವನು ಆರು ತಿಂಗಳಲ್ಲಿ ಹೋಗುತ್ತಾನೆಂದು ನಮಗೆ ಕಲಿಸಿದ ಸಿನಿಮಾ, ಹೋಗದೆ ಉಳಿದವನ ಜೊತೆ ನಾಳೆ ಹೇಗೆ ಬಾಳಬೇಕೆಂದು ಕಲಿಸಲಿಲ್ಲ.

ಸಿನಿಮಾ ಬಿಟ್ಟರೆ ಪುಸ್ತಕ. ನಮ್ಮ ತಲೆಮಾರಿನ ಹೆಣ್ಣುಮಕ್ಕಳಿಗೆ ಮೈಯ ವಿಷಯವನ್ನು ಕನ್ನಡದಲ್ಲಿ, ನಾಚಿಕೆಯಿಲ್ಲದೆ ಹೇಳಿಕೊಟ್ಟವರು ಡಾ. ಅನುಪಮಾ ನಿರಂಜನ. 'ದಾಂಪತ್ಯ ದೀಪಿಕೆ', 'ತಾಯಿ ಮಗು', 'ವಧುವಿಗೆ ಕಿವಿಮಾತು' ಇವು ಎಷ್ಟು ಮನೆಗಳಲ್ಲಿ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಇದ್ದವೋ! 1991ರಲ್ಲಿ ತೀರಿಕೊಂಡ ಆ ತಾಯಿಯನ್ನು ಕೊಂಡೊಯ್ದದ್ದೂ ಕ್ಯಾನ್ಸರೇ. ಅವರ ಋಣ ನನ್ನ ಮೇಲಿದೆ. ಆದರೆ ಶೀರ್ಷಿಕೆಗಳೇ ಹೇಳುತ್ತವೆ, ಅಲ್ಲಿರುವುದು ವಧು, ತಾಯಿ, ಮಗು. ಅರವತ್ತು ದಾಟಿದ ಗಂಡನ ಮೈಯ ಬಗ್ಗೆ ಹೆಂಡತಿಗೆ ಕಿವಿಮಾತು ಹೇಳುವ ಅಂಥದೊಂದು ಪುಸ್ತಕ ನಮ್ಮ ಟ್ರಂಕಿನಲ್ಲಿ ಇರಲಿಲ್ಲ. ಗಂಡಸಿನ ಮೈ ಎಂದರೆ ದುಡಿಯುವ ಮೈ, ಅದಕ್ಕೆ ಓದಬೇಕಾದ್ದೇನಿದೆ ಎಂದು ನಾವೂ ಅಂದುಕೊಂಡೆವೇನೋ.

ಈಗ ನನ್ನದೇ ತಪ್ಪನ್ನು ಬರೆಯಬೇಕು. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ವರದಿ ಬಂದ ದಿನ ಡಾಕ್ಟರು ಇವರನ್ನು ಹೊರಗೆ ಕೂಡಿಸಿ, ಮಗನನ್ನೂ ನನ್ನನ್ನೂ ಒಳಗೆ ಕರೆದರು. ಎಲ್ಲ ಕೇಳಿದ ಮೇಲೆ ಮಗ, "ಅಪ್ಪಾಗ ಹೇಳೋದು ಬ್ಯಾಡವ್ವಾ" ಎಂದ. ನಾನೂ ಹೂಂ ಎಂದೆ. ಹದಿನೈದು ದಿನ ಮೂಳೆ ಸವೆದಿದೆ, ಇಂಜೆಕ್ಷನ್ನು ಕ್ಯಾಲ್ಸಿಯಮ್ಮಿನದು ಎಂದು ಸುಳ್ಳು ಹೇಳಿದೆವು. ಲೆಕ್ಕ ಬರೆದ ಮನುಷ್ಯನಿಗೆ ಲೆಕ್ಕ ತಾಳೆಯಾಗದ್ದು ಗೊತ್ತಾಗದೆ ಇದ್ದೀತೇ? ಮುಂದಿನ ಸಲ ಹೋದಾಗ ನಾನು ಔಷಧ ತರಲು ಸರದಿಯಲ್ಲಿ ನಿಂತಿದ್ದೆ. ತಿರುಗಿ ಬಂದರೆ ಇವರು ಬೆಂಚಿನ ಮೇಲೆ ಹುನಗುಂದ ಕಡೆಯ ನೇಕಾರರೊಬ್ಬರ ಜೊತೆ ಮಾತಿಗೆ ಕೂತಿದ್ದರು.

"ನಿಮಗೂ ಅದs ಏನ್ರಿ ಸರ? ಪ್ರಾಸ್ಟೇಟ್?" ಎಂದು ಅವರು ಕೇಳಿದ್ದರಂತೆ. "ನಂದು ಎಲುಬಿಗೆ ಹೋಗೇತ್ರಿ. ನಾಕ್ ವರ್ಷ ಆತು. ಇನ್ನಾ ಕುಣಿಮಗ್ಗದಾಗ ಇಳಿತೀನಿ. ಹೊತ್ತೆಲ್ಲಾ ಕುಂಡ್ರಾಕ ಆಗಂಗಿಲ್ಲ, ಅಷ್ಟs."

ಮನೆಗೆ ಬರುವ ಬಸ್ಸಿನಲ್ಲಿ ಇವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀ ಹೇಳಿದ್ದರ ನಡಿತಿತ್ತು" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನೂ ಮಗನೂ ಡಾಕ್ಟರೂ ಸೇರಿ ಕೊಡಲಾಗದ ಧೈರ್ಯವನ್ನು ಗುರುತಿಲ್ಲದ ಒಬ್ಬ ಮನುಷ್ಯ, ತಾನಿನ್ನೂ ಮಗ್ಗಕ್ಕೆ ಇಳಿಯುತ್ತೇನೆ ಎಂಬ ಒಂದೇ ಮಾತಿನಿಂದ ಕೊಟ್ಟುಬಿಟ್ಟಿದ್ದ. ಮುಚ್ಚಿಡುವುದರಲ್ಲಿ ಇನ್ನೊಂದು ಅಪಾಯವೂ ಇತ್ತು. ತಂದೆಗೋ ಅಣ್ಣನಿಗೋ ಈ ರೋಗ ಬಂದಿದ್ದರೆ ಮಕ್ಕಳಿಗೆ, ತಮ್ಮಂದಿರಿಗೆ ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಮನೆಯ ಗಂಡಸರಿಗೆ ತಿಳಿಸಲೇಬೇಕು. ಇವರ ತಮ್ಮ ಈಗ ಪರೀಕ್ಷೆ ಮಾಡಿಸಿಕೊಂಡಿದ್ದಾರೆ.

ಮುಚ್ಚಿಡುವುದು ನಮ್ಮ ದೇಶದ ಬಡವರ ಬುದ್ಧಿಯೆಂದು ತಿಳಿಯಬೇಡಿ. ಫ್ರಾನ್ಸಿನ ಅಧ್ಯಕ್ಷ ಮಿತ್ತರಾಂ 1981ರಲ್ಲಿ ಅಧಿಕಾರಕ್ಕೆ ಬಂದವರು. ತನ್ನ ಆರೋಗ್ಯದ ವರದಿಯನ್ನು ಆಗಾಗ್ಗೆ ಜನರ ಮುಂದಿಡುತ್ತೇನೆಂದು ಮಾತು ಕೊಟ್ಟಿದ್ದರು. ಅದೇ ವರ್ಷ ಅವರಿಗೆ ಮೂಳೆಗೆ ಹರಡಿದ ಇದೇ ಕ್ಯಾನ್ಸರ್ ಇರುವುದು ತಿಳಿಯಿತು. 1992ರವರೆಗೆ ವರದಿಗಳೆಲ್ಲ ಸುಳ್ಳು ಹೇಳಿದವು. ಅವರು ತೀರಿಕೊಂಡದ್ದು 1996ರ ಜನವರಿಯಲ್ಲಿ. ಈ ಕಥೆಯನ್ನು ಎಲ್ಲರೂ ರಾಜಕಾರಣದ ಮೋಸವೆಂದು ಓದುತ್ತಾರೆ. ನಾನು ಬೇರೆ ರೀತಿಯಲ್ಲಿ ಓದುತ್ತೇನೆ. ಮೂಳೆಗೆ ಹೋದ ಕ್ಯಾನ್ಸರನ್ನು ಇಟ್ಟುಕೊಂಡು ಒಬ್ಬ ಮನುಷ್ಯ ಹದಿನಾಲ್ಕು ವರ್ಷ ಬದುಕಿದ, ಅದರಲ್ಲಿ ಬಹುಪಾಲು ದೇಶವಾಳಿದ. ಎಲ್ಲರಿಗೂ ಅಷ್ಟು ವರ್ಷ ಸಿಗುವುದಿಲ್ಲ ನಿಜ. ಆದರೆ ಆಗಲೇ ಹೇಳಿದ್ದರೆ ಎಷ್ಟು ಗಂಡಸರು ಧೈರ್ಯ ತಂದುಕೊಳ್ಳುತ್ತಿದ್ದರು! ಮುಚ್ಚಿಟ್ಟದ್ದರಿಂದ ಸಾವು ಸುದ್ದಿಯಾಯಿತು, ಬಾಳಿದ್ದು ಸುದ್ದಿಯಾಗಲಿಲ್ಲ. ಅದಕ್ಕೆ ಎದುರಾಗಿ ದಕ್ಷಿಣ ಆಫ್ರಿಕದ ಡೆಸ್ಮಂಡ್ ಟುಟು ಅವರು. 1997ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ತಿಳಿದಾಗ ಅವರು ಮುಚ್ಚಿಡಲಿಲ್ಲ. 2021ರ ಕೊನೆಯವರೆಗೂ, ತೊಂಬತ್ತು ತುಂಬಿದ ಮೇಲೂ ಇದ್ದರು.

ನಮ್ಮಲ್ಲಿ ಈಚೆಗೆ ಆದ ಒಂದು ಒಳ್ಳೆಯದು ಶಿವರಾಜಕುಮಾರ್ ಅವರದು. ಅವರದು ಪ್ರಾಸ್ಟೇಟ್ ಅಲ್ಲ, ಪಕ್ಕದ ಮನೆ ಎನ್ನಬಹುದಾದ ಮೂತ್ರಚೀಲದ ಕ್ಯಾನ್ಸರ್. 2024ರ ಡಿಸೆಂಬರಿನಲ್ಲಿ ಅಮೆರಿಕದ ಮಿಯಾಮಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆ ಚೀಲ ತೆಗೆದು, ಕರುಳಿನಿಂದಲೇ ಹೊಸದನ್ನು ಮಾಡಿದರು. 2025ರ ಹೊಸ ವರ್ಷದ ದಿನ ಹೆಂಡತಿ ಗೀತಾ ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ವಿಡಿಯೋದಲ್ಲಿ ಮಾತಾಡಿದರು. ಪರದೆಯ ಮೇಲೆ ನೂರು ಜನರನ್ನು ಹೊಡೆಯುವ ನಾಯಕ ತನಗೆ ಭಯವಾಗಿತ್ತು ಎಂಬುದನ್ನು ಒಪ್ಪಿಕೊಂಡು, ಜೊತೆಗೆ ನಿಂತವರನ್ನು ನೆನೆದರು. ಇವರು ಅದನ್ನು ಮೂರು ಸಲ ನೋಡಿದರು. 'ಆನಂದ್'ಗಿಂತ ನನಗೆ ಆ ಸಣ್ಣ ವಿಡಿಯೋ ದೊಡ್ಡ ಕೃತಿಯೆನಿಸಿತು, ಯಾಕೆಂದರೆ ಅದರಲ್ಲಿ ಹೆಂಡತಿ ಇದ್ದಳು.

ಆದರೆ ಅದರ ಬೆನ್ನಿಗೇ ಹೊರಟ "ಕ್ಯಾನ್ಸರ್ ಗೆದ್ದರು" ಎಂಬ ಮಾತಿನ ಬಗ್ಗೆ ನನಗೆ ಸಮಾಧಾನವಿಲ್ಲ. ಪೂರ್ತಿ ವಾಸಿಯಾದವರಿಗೆ ಆ ಮಾತು ಸಲ್ಲುತ್ತದೆ, ಸಂತೋಷವೇ. ಮೂಳೆಗೆ ಹರಡಿದವರಿಗೆ ಗೆಲುವೆಂಬುದಿಲ್ಲ. ಹಾಗಾದರೆ ಅವರು ಸೋತವರೇ? ಯುದ್ಧದ ಭಾಷೆ ಇಲ್ಲಿ ಕೆಲಸಕ್ಕೆ ಬಾರದು. ನಮ್ಮ ಹೆಂಗಸರ ಬಾಯಲ್ಲಿ ಇದಕ್ಕೆ ಒಳ್ಳೆಯ ಮಾತಿದೆ, ಬಾಳ್ವೆ. ಗಂಡನ ಮನೆಗೆ ಹೊರಟ ಮಗಳಿಗೆ "ಗೆದ್ದು ಬಾ" ಎಂದು ಯಾರೂ ಹೇಳುವುದಿಲ್ಲ, "ಬಾಳ್ವೆ ಮಾಡು" ಎನ್ನುತ್ತಾರೆ. ಗೆಲ್ಲಲೂ ಆಗದ, ಮನೆ ಬಿಟ್ಟು ಕಳಿಸಲೂ ಆಗದ ಅತ್ತೆಯ ಸಂಗಡ ಇಪ್ಪತ್ತು ವರ್ಷ ಉಂಡು ತಿಂದು ನಕ್ಕು ಬಾಳಿದವರು ನಾವು. ಈ ವಿದ್ಯೆ ಗಂಡಸರಿಗೆ ಗೊತ್ತಿಲ್ಲ. ಕಲಿಸಬೇಕಾದವರು ನಾವೇ.

ಕಲಿಸುವ ಸಂದರ್ಭ ನನಗೆ ಹೀಗೆ ಬಂತು. ಈ ಕ್ಯಾನ್ಸರಿಗೆ ಗಂಡಸಿನ ಹಾರ್ಮೋನೇ ಆಹಾರ. ಅದನ್ನು ನಿಲ್ಲಿಸಿದರೆ ರೋಗ ಕುಗ್ಗುತ್ತದೆಂದು 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ತೋರಿಸಿಕೊಟ್ಟರು. 1966ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ವೃಷಣಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು ಒಂದು ದಾರಿ, ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್ ಇನ್ನೊಂದು ದಾರಿ. 2015ರಿಂದ ಈಚೆಗೆ, ಇದರ ಜೊತೆಗೆ ಅಬಿರಾಟೆರೋನ್‌ನಂಥ ಮಾತ್ರೆಯನ್ನೋ ಕಿಮೋಥೆರಪಿಯನ್ನೋ ಮೊದಲಿಗೇ ಸೇರಿಸಿದರೆ ಆಯುಷ್ಯ ಹೆಚ್ಚುತ್ತದೆಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಇಂಥ ಮಾತ್ರೆಗಳು ನಮ್ಮ ದೇಶದಲ್ಲೇ ತಯಾರಾಗುತ್ತವೆ.

ಇಂಜೆಕ್ಷನ್ ಶುರುವಾಗಿ ಕೆಲವು ವಾರಗಳಾಗಿರಬೇಕು. ಚಳಿಗಾಲದ ನಡುರಾತ್ರಿ ಇವರು ಎದ್ದು ಕೂತು ಫ್ಯಾನು ಹಾಕಿದರು. ಅಂಗಿ ತೊಯ್ದು ತೊಪ್ಪೆಯಾಗಿತ್ತು. ಮುಖ ಕೆಂಪಗೆ. "ಜ್ವರ ಬಂದಂಗ ಕಾಣಸ್ತೇತಿ" ಎಂದು ಹೆದರಿದ್ದರು. ಮುಟ್ಟಿ ನೋಡಿದೆ, ಜ್ವರವಿಲ್ಲ. ನನಗೆ ತಟ್ಟನೆ ಹೊಳೆಯಿತು. ನಲವತ್ತೊಂಬತ್ತರಲ್ಲಿ ಮುಟ್ಟು ನಿಲ್ಲುವಾಗ ಎರಡು ವರ್ಷ ನಾನು ಪಟ್ಟ ಪಾಡು ಇದೇ. ಹಾರ್ಮೋನು ನಿಂತ ಮೈ ಹೆಣ್ಣಿನದಾದರೇನು, ಗಂಡಿನದಾದರೇನು? ತೆಳ್ಳನೆಯ ಹತ್ತಿ ಅಂಗಿ ಕೊಟ್ಟೆ, ತಲೆದಿಂಬಿನ ಬಳಿ ತಣ್ಣೀರಿಟ್ಟೆ, ರಾತ್ರಿಯ ಚಹಾ ಬಿಡಿ ಎಂದೆ. "ಇದು ಹಿಂಗs ಬರತೇತಿ, ಐದು ಮಿನಿಟಿಗೆ ಹೋಗತೇತಿ. ನನಗೂ ಆಗಿತ್ತು" ಎಂದೆ.

ಇವರು ನನ್ನನ್ನೇ ನೋಡಿದರು. "ನಿನಗ ಹಿಂಗ ಆಗತಿತ್ತು? ನನಗ ಒಂದಿನಾನೂ ಹೇಳಲಿಲ್ಲಲ್ಲ!"

"ನೀವು ಕೇಳಲಿಲ್ಲಲ್ಲ" ಎಂದೆ.

ಮೂವತ್ತು ವರ್ಷಕ್ಕೂ ಮೀರಿದ ದಾಂಪತ್ಯದಲ್ಲಿ ನಾವಿಬ್ಬರೂ ಒಬ್ಬರ ಮೈಯನ್ನು ಇನ್ನೊಬ್ಬರು ಅರಿತದ್ದು ಆ ರಾತ್ರಿ. ಆಮೇಲೆ ಉಳಿದದ್ದೂ ಒಂದೊಂದೇ ಬಾಯಿಗೆ ಬಂತು. ಹೊಟ್ಟೆ ಬರುವುದು, ತೋಳು ಸೊರಗುವುದು, ಸಣ್ಣ ಮಾತಿಗೆ ಕಣ್ಣೀರು ಬರುವುದು, ದಾಂಪತ್ಯದ ಆಸೆಯೇ ಆರಿಹೋಗುವುದು. ಕೊನೆಯದನ್ನು ಹೇಳುವಾಗ ಇವರು ಗೋಡೆಯ ಕಡೆಗೆ ತಿರುಗಿದ್ದರು. ತಾವು ಗಂಡಸಾಗಿ ಉಳಿಯಲಿಲ್ಲವೆಂಬ ಸಂಕಟ ಅವರಿಗೆ ರೋಗಕ್ಕಿಂತ ಹೆಚ್ಚಾಗಿತ್ತು. ಇದು ಔಷಧದ ಕೆಲಸ, ನಿಮ್ಮ ತಪ್ಪಲ್ಲ ಎಂದು ಹೇಳಲು ನನಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ. ಹಿಂದಿನಿಂದ ಬೆನ್ನ ಮೇಲೆ ಕೈ ಇಟ್ಟುಕೊಂಡು ಮಲಗಿದೆ.

ಬಾಳ್ವೆಯ ನಿಯಮಗಳು ನಮಗೆ ನಿಧಾನವಾಗಿ ತಿಳಿದವು. ಸುಸ್ತಿಗೆ ಮಲಗುವುದು ಮದ್ದಲ್ಲ, ದಿನಾಲೂ ನಡೆಯಬೇಕು. ಎಷ್ಟು ನಡೆಯಬಹುದು, ಏನನ್ನು ಎತ್ತಬಾರದು ಎಂಬುದನ್ನು ಡಾಕ್ಟರನ್ನೇ ಕೇಳಬೇಕು. ಈ ಚಿಕಿತ್ಸೆಯಿಂದ ಮೂಳೆ ತೆಳುವಾಗುವುದರಿಂದ ಅದರ ಔಷಧವನ್ನೂ ಕೇಳಿ ತಿಳಿಯಬೇಕು. ಊರವರು ಹೇಳಿದ ಬೇರಿನ ಪುಡಿಗೆ ಮನಸೋತು ಮಾತ್ರೆ ಬಿಡಬಾರದು. ಕಾಲು ಇದ್ದಕ್ಕಿದ್ದ ಹಾಗೆ ಸೋತರೆ, ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಬೆಳಗಾಗಲಿ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿ ಒತ್ತಿಕೊಂಡಿರಬಹುದು, ತಡವಾದರೆ ನಡಿಗೆಯೇ ಹೋದೀತು.

ನೋವನ್ನು ನುಂಗಿಕೊಳ್ಳುವುದು ಗಂಡಸುತನವಲ್ಲ. ಮೂಳೆಯ ನೋವಿಗೆ ಎಷ್ಟೋ ಸಲ ಒಂದೇ ಒಂದು ದಿನದ ವಿಕಿರಣ ಚಿಕಿತ್ಸೆ ಆರಾಮ ಕೊಡುತ್ತದೆ. ಮಾರ್ಫಿನ್ ಹೆಸರು ಕೇಳಿದರೆ ನಮ್ಮವರು ಬೆಚ್ಚುತ್ತಾರೆ. ವೈದ್ಯರು ಹೇಳಿದ ಅಳತೆಯಲ್ಲಿ ತೆಗೆದುಕೊಂಡರೆ ಅದು ಚಟವೂ ಅಲ್ಲ, ಸಾವಿನ ಚೀಟಿಯೂ ಅಲ್ಲ. ಮಲಬದ್ಧತೆಗೆ ಮಾತ್ರ ಜೊತೆಯಲ್ಲೇ ಔಷಧ ಬೇಕು. 1985ರ ಕಾಯಿದೆಯಿಂದ ಮಾರ್ಫಿನ್ ಸಿಗುವುದೇ ಕಷ್ಟವಾಗಿತ್ತು, 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಉಪಶಮನ ಚಿಕಿತ್ಸೆಯೆಂದರೆ ಕೈಬಿಟ್ಟವರಿಗೆ ಕೊಡುವುದಲ್ಲ, ಮೊದಲ ದಿನದಿಂದಲೂ ಕೇಳಿ ಪಡೆಯಬೇಕಾದದ್ದು. ನಮ್ಮ ಕಡೆಯವರಿಗೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ. ವಾಸಿಯಾಗದ ಹಂತದವರನ್ನು ಹಣ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯವೂ ಬೆಂಗಳೂರಿನಲ್ಲಿದೆ. ಖರ್ಚಿನ ಬಗ್ಗೆ ಆಯುಷ್ಮಾನ್ ಕಾರ್ಡು ತೋರಿಸಿ ಮೊದಲೇ ವಿಚಾರಿಸಬೇಕು, ಸಂಕೋಚ ಬೇಡ.

ಆದರೆ ಆಸ್ಪತ್ರೆ ಕೊಡಲಾಗದ್ದು ಒಂದಿದೆ, ಆ ಬೆಂಚಿನ ನೇಕಾರ ಕೊಟ್ಟದ್ದು. ಸ್ತನ ಕ್ಯಾನ್ಸರ್ ಆದ ಹೆಂಗಸರಿಗೆ ಹಿಂದೆ ಅದೇ ರೋಗ ಉಂಡ ಹೆಂಗಸರೇ ಹೋಗಿ ಧೈರ್ಯ ಹೇಳುವ ಕೆಲಸವನ್ನು ಅಮೆರಿಕದ ಟೆರೀಸ್ ಲಾಸರ್ ಎಂಬಾಕೆ 1952ರಲ್ಲೇ ಶುರುಮಾಡಿದ್ದರು. ಅದೇ ದೇಶದಲ್ಲಿ ಪ್ರಾಸ್ಟೇಟ್ ರೋಗಿಗಳ 'ಅಸ್ ಟೂ' ಎಂಬ ಬಳಗ ಕಟ್ಟಿದ್ದು 1990ರಲ್ಲಿ. ನಡುವೆ ಮೂವತ್ತೆಂಟು ವರ್ಷ! ಗಂಡಸರಿಗೆ ಬಾಯಿ ಬರಲು ಅಷ್ಟು ಕಾಲ ಬೇಕಾಯಿತು.

ಹಾಗೆಂದು ನಮ್ಮ ಗಂಡಸರು ನಾಚಿಕೆಯ ಮಾತನ್ನು ಆಡಲಾರರು ಎಂದು ನಾನು ಒಪ್ಪುವುದಿಲ್ಲ. ಇದೇ ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು, ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿ ಎಂದು ಊರೂರು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ ಆ ಜೋಳಿಗೆ ತಿರುಗಿತು. ಗಂಡಸರು ಓಣಿಯ ಜನರ ಎದುರಿಗೇ, ನಾನು ಕುಡಿಯುತ್ತೇನೆ, ಇವತ್ತಿಗೆ ಬಿಟ್ಟೆ ಎಂದು ಅದರಲ್ಲಿ ಹಾಕಿದರು. ಎದುರಿಗೆ ಹಿಡಿದ ಜೋಳಿಗೆಯೊಂದಿದ್ದರೆ ಬಾಯಿ ತಾನಾಗಿ ಬರುತ್ತದೆ. ರೋಗದ ಮಾತಿಗೆ ಅಂಥ ಜೋಳಿಗೆಯನ್ನು ನಾವು ಇನ್ನೂ ಹೊಲಿದಿಲ್ಲ, ಅಷ್ಟೇ.

ನಮ್ಮ ಮನೆಯಲ್ಲಿ ಒಂದು ಚಿಕ್ಕ ಜೋಳಿಗೆ ಆಗಿದೆ. ಆ ನೇಕಾರರ ನಂಬರನ್ನು ಇವರು ಅಂದೇ ಬರೆದುಕೊಂಡಿದ್ದರು. ಬಾಗಲಕೋಟೆಯ ಇನ್ನೊಬ್ಬರು ಆಮೇಲೆ ಸೇರಿದರು. ಅವರು ಆಲಮಟ್ಟಿಯ ನೀರಿಗೆ ಹಳೆಯ ಮನೆ ಬಿಟ್ಟು ನವನಗರಕ್ಕೆ ಬಂದವರು. "ಮುಳುಗಡೆ ನಮಗೇನ್ ಹೊಸಾದಲ್ರಿ, ಉಳಿದದ್ದರಾಗ ಸಂಸಾರ ಮಾಡೋದು" ಎಂದು ನಗುತ್ತಾರೆ. ತಿಂಗಳಿಗೊಂದು ಭಾನುವಾರ ಮೂವರೂ ನಮ್ಮ ಪಡಸಾಲೆಯಲ್ಲಿ ಕೂಡುತ್ತಾರೆ. ಪಿಎಸ್ಎ ಎಷ್ಟು ಬಂತು, ಯಾವ ಮಾತ್ರೆ ಎಲ್ಲಿ ಕಡಿಮೆಗೆ ಸಿಗುತ್ತದೆ, ರಾತ್ರಿ ಎಷ್ಟು ಸಲ ಎದ್ದದ್ದು, ಎಲ್ಲ ಮಾತಾಡುತ್ತಾರೆ. ಅಡುಗೆಮನೆಯಲ್ಲಿ ನಾವು ಮೂವರು ಹೆಂಗಸರು ಅವರಿಗಿಂತ ಹೆಚ್ಚು ಮಾತಾಡುತ್ತೇವೆ. ನೋಡಿಕೊಳ್ಳುವವರಿಗೂ ಅಳಲು ಒಂದು ಜಾಗ ಬೇಕಲ್ಲ.

2025ರ ಜಾತ್ರೆಗೆ ಮತ್ತೆ ಬನಶಂಕರಿಗೆ ಹೋದೆವು. ಹಾದಿಯ ಕಡೆಯ ಕುರ್ಚಿಗಳನ್ನೇ ಹಿಡಿದೆವು. ಅದೇ ದೃಶ್ಯ ಬಂತು, ಅದೇ ಮುದುಕ, ಅದೇ ಧೋತರದ ಚುಂಗು. ನನ್ನ ಮುಖ ಬಿಗಿಯಿತು. ಇವರು ಮೊದಲಿನಷ್ಟೇ ಜೋರಾಗಿ ನಕ್ಕರು. ನಕ್ಕವರೇ ಎದ್ದು ತಾವೂ ಹೊರಗೆ ಹೋದರು. ತಿರುಗಿ ಬರುವುದು ತಡವಾಯಿತು. ಹುಡುಕಿಕೊಂಡು ಹೋದರೆ ತಗಡಿನ ಗೋಡೆಯ ಹತ್ತಿರ ಇವರಷ್ಟೇ ವಯಸ್ಸಿನ ಒಬ್ಬರನ್ನು ನಿಲ್ಲಿಸಿಕೊಂಡಿದ್ದರು.

"ರಾತ್ರಿ ಎಷ್ಟ ಸಲ ಏಳತೀರಿ? ಡಾಕ್ಟರಿಗೆ ತೋರಿಸೀರೇನು?" ಎಂದು ಕೇಳುತ್ತಿದ್ದರು.

ಆ ಮನುಷ್ಯ ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಹೇಳತೊಡಗಿದ. ನಾನು ಅಲ್ಲಿ ನಿಲ್ಲದೆ ನನ್ನ ಕುರ್ಚಿಗೆ ಬಂದು ಕೂತೆ.